ಪ್ರತಿಘಾತದ ಲೆಕ್ಕ: ಸೂತ್ರವೋ, ತಿಳಿವಳಿಕೆಯೋ?

ಪಾಠಗಳಲ್ಲಿ ಎರಡು ಬಗೆಯುಂಟು. ಕೆಲವು ಪರೀಕ್ಷೆಯ ದಿನದವರೆಗೆ ನಮ್ಮೊಡನಿದ್ದು, ಉತ್ತರ ಪತ್ರಿಕೆಯನ್ನು ಒಪ್ಪಿಸಿದೊಡನೆಯೇ ನಮ್ಮನ್ನು ಬಿಟ್ಟು ಹೋಗುವುವು. ಮತ್ತೆ ಕೆಲವು ಜೀವಮಾನವೆಲ್ಲ ಕೈಹಿಡಿದು ನಡೆಸುವುವು. ಪರ್ಯಾಯ ವಿದ್ಯುತ್ ಪ್ರವಾಹದ ಅಧ್ಯಾಯದಲ್ಲಿ ಬರುವ ಪ್ರೇರಣ ಪ್ರತಿಘಾತದ ಲೆಕ್ಕವು ಎರಡನೆಯ ಬಗೆಗೆ ಸೇರಬೇಕಾದುದು. ಆದರೆ ನಮ್ಮ ತರಗತಿಗಳಲ್ಲಿ ಅದು ಬಹುಮಟ್ಟಿಗೆ ಮೊದಲನೆಯ ಬಗೆಯದಾಗಿಯೇ ಉಳಿದಿದೆ. "ಎರಡು ಪೈ ಎಫ್ ಎಲ್" ಎಂದು ವಿದ್ಯಾರ್ಥಿಯು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. "ಆ ಎಫ್ ಅಲ್ಲಿಗೆ ಏಕೆ ಬಂದಿತು?" ಎಂದು ಕೇಳಿದರೆ ಮೌನ. ಇದು ಗಿಣಿಪಾಠವಲ್ಲದೆ ಮತ್ತೇನು?

ಇಂಜಿನಿಯರುಗಳು ಇಂಡಕ್ಟಿವ್ ರಿಯಾಕ್ಟೆನ್ಸ್ ಎಂದು ಕರೆಯುವುದನ್ನೇ ನಾವು ಪ್ರೇರಣ ಪ್ರತಿಘಾತ ಎನ್ನುತ್ತೇವೆ. ಇದನ್ನು ಕುರಿತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪ್ರತಿಘಾತವೆಂಬುದು ತಂತಿಯ ಸುರುಳಿಯೊಂದರದೇ ಗುಣವಲ್ಲ. ಸುರುಳಿಗೂ ಅದರಲ್ಲಿ ಹರಿಯುವ ಪ್ರವಾಹದ ಬದಲಾವಣೆಯ ವೇಗಕ್ಕೂ ನಡುವೆ ಇರುವ ಸಂಬಂಧ. ಇಷ್ಟನ್ನು ಅರಿತವನಿಗೆ ಸೂತ್ರವು ತಾನಾಗಿಯೇ ಒದಗಿಬರುತ್ತದೆ. ಇದನ್ನು ಅರಿಯದವನಿಗೆ ಸೂತ್ರ ನೆನಪಿದ್ದರೂ ಪ್ರಯೋಜನವಿಲ್ಲ. ಎಷ್ಟೋ ವೇಳೆ ಅಪಾಯವೂ ಉಂಟು.

ಮೊದಲು ವಸ್ತುವನ್ನೇ ನೋಡೋಣ. ನಮ್ಮೂರುಗಳ ರಥೋತ್ಸವವನ್ನು ಕಾಣದವರು ಯಾರು? ನೂರಾರು ಜನ ಹಗ್ಗ ಹಿಡಿದು ಎಳೆದರೂ ತೇರು ಒಮ್ಮೆಲೇ ಓಡುವುದಿಲ್ಲ, ಮೆಲ್ಲಮೆಲ್ಲನೆ ಚಲಿಸತೊಡಗುತ್ತದೆ. ಚಲಿಸಿದ ಮೇಲೆ ಒಮ್ಮೆಲೇ ನಿಲ್ಲುವುದೂ ಇಲ್ಲ. ಈಗ ಜನರು ಒಂದು ಕ್ಷಣ ಮುಂದಕ್ಕೆ, ಮರುಕ್ಷಣ ಹಿಂದಕ್ಕೆ, ಹೀಗೆ ಬೇಗಬೇಗನೆ ದಿಕ್ಕು ಬದಲಿಸುತ್ತ ಎಳೆದರೆಂದು ಭಾವಿಸಿ. ತೇರು ಇದ್ದಲ್ಲೇ ಒಂದಿಷ್ಟು ಅಲುಗಾಡೀತು, ಅಷ್ಟೆ. ದಿಕ್ಕು ಬದಲಿಸುವ ವೇಗ ಹೆಚ್ಚಿದಷ್ಟೂ ಆ ಅಲುಗಾಟವೂ ಕಡಿಮೆ. ಇಲ್ಲಿ ತೇರನ್ನು ತಡೆದದ್ದು ಚಕ್ರದ ಘರ್ಷಣೆಯಲ್ಲ; ಅದರ ಜಡತ್ವ.

ಸುರುಳಿಯಲ್ಲಿಯೂ ಹೀಗೆಯೇ. ತಂತಿಯ ರೋಧವು ಘರ್ಷಣೆಯಂತೆ, ಪ್ರೇರಕತ್ವವು ಜಡತ್ವದಂತೆ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟನು. ಸುರುಳಿಯು ತನ್ನದೇ ಪ್ರವಾಹದ ಬದಲಾವಣೆಯಿಂದ ತನ್ನಲ್ಲೇ ವಿದ್ಯುತ್ತನ್ನು ಪ್ರೇರಿಸಿಕೊಳ್ಳುವುದನ್ನು ಅಮೆರಿಕದ ಜೋಸೆಫ್ ಹೆನ್ರಿಯು ೧೮೩೨ರಲ್ಲಿ ಪ್ರಕಟಿಸಿದನು. ಹೀಗೆ ಪ್ರೇರಿತವಾದದ್ದು ತನಗೆ ಕಾರಣವಾದ ಬದಲಾವಣೆಯನ್ನೇ ವಿರೋಧಿಸುವುದೆಂಬ ನಿಯಮವನ್ನು ೧೮೩೪ರಲ್ಲಿ ಲೆನ್ಸ್ ಹೇಳಿದನು. ಪ್ರವಾಹವು ಸೆಕೆಂಡಿಗೆ ಒಂದು ಆಂಪಿಯರಿನಂತೆ ಬದಲಾಗುವಾಗ ಸುರುಳಿಯಲ್ಲಿ ಒಂದು ವೋಲ್ಟ್ ವಿರೋಧ ಹುಟ್ಟಿದರೆ, ಆ ಸುರುಳಿಯ ಪ್ರೇರಕತ್ವ ಒಂದು ಹೆನ್ರಿ. ಏಕಮಾನಕ್ಕೆ ಆ ವಿಜ್ಞಾನಿಯ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟರಿಂದಲೇ ಸೂತ್ರವನ್ನು ಕಟ್ಟಬಹುದು, ಕಲನಶಾಸ್ತ್ರವೂ ಬೇಡ. ಪರ್ಯಾಯ ಪ್ರವಾಹವು ಸೊನ್ನೆಯಿಂದ ಗರಿಷ್ಠ ಮಟ್ಟಕ್ಕೇರಲು ಆವರ್ತದ ಕಾಲುಭಾಗದಷ್ಟು ಕಾಲ ಹಿಡಿಯುವುದು. ಸೆಕೆಂಡಿಗೆ ೫೦ ಆವರ್ತಗಳಿದ್ದರೆ ಆ ಕಾಲವು ಸೆಕೆಂಡಿನ ೨೦೦ರಲ್ಲಿ ಒಂದು ಪಾಲು. ಆದುದರಿಂದ ಪ್ರವಾಹ ಏರುವ ಸರಾಸರಿ ವೇಗವು ಗರಿಷ್ಠ ಪ್ರವಾಹವನ್ನು ಆವೃತ್ತಿಯ ನಾಲ್ಕರಷ್ಟರಿಂದ ಗುಣಿಸಿದಷ್ಟು. ಇದನ್ನು ಪ್ರೇರಕತ್ವದಿಂದ ಗುಣಿಸಿದರೆ ಆ ಅವಧಿಯ ಸರಾಸರಿ ವೋಲ್ಟೇಜು ದೊರೆಯುವುದು. ಆದರೆ ನಮಗೆ ಬೇಕಾದುದು ಗರಿಷ್ಠ ವೋಲ್ಟೇಜು. ಸೈನ್ ಅಲೆಯ ಕಾಲು ಆವರ್ತದಲ್ಲಿ ಗರಿಷ್ಠವು ಸರಾಸರಿಯ 'ಪೈ ಭಾಗಿಸು ಎರಡ'ರಷ್ಟು ಇರುತ್ತದೆ. ನಾಲ್ಕನ್ನು ಅದರಿಂದ ಗುಣಿಸಿದರೆ ಬರುವುದು ಎರಡು ಪೈ. ಗರಿಷ್ಠ ವೋಲ್ಟೇಜನ್ನು ಗರಿಷ್ಠ ಪ್ರವಾಹದಿಂದ ಭಾಗಿಸಿದಾಗ:

ಪ್ರೇರಣ ಪ್ರತಿಘಾತ = ೨ × ಪೈ × ಆವೃತ್ತಿ × ಪ್ರೇರಕತ್ವ

ನೋಡಿದಿರಾ? ಆವೃತ್ತಿಯು ಸೂತ್ರದಲ್ಲಿ ಕರೆಯದೆ ಬಂದ ಅತಿಥಿಯಲ್ಲ. ಬದಲಾವಣೆ ಎಷ್ಟು ಬೇಗ ಆಗುತ್ತಿದೆ ಎಂಬುದನ್ನು ಹೇಳುವುದಕ್ಕಾಗಿಯೇ ಅದು ಅಲ್ಲಿ ನಿಂತಿದೆ. ಪೈ ಎಂಬುದು ಅಲೆಯ ಆಕಾರದಿಂದ ಬಂದುದು. ಪ್ರೇರಕತ್ವವು ಸುರುಳಿಯಿಂದ ಬಂದುದು. ಮೂವರಿಗೂ ಅವರವರ ಕೆಲಸವುಂಟು.

ಈಗ ಸಂಖ್ಯೆಗಳಿಗೆ ಬರೋಣ. ೦.೫ ಹೆನ್ರಿ ಪ್ರೇರಕತ್ವ, ೧೦ ಓಮ್ ರೋಧ ಉಳ್ಳ ಒಂದು ಸುರುಳಿಯಿದೆ ಎನ್ನೋಣ. ಅದನ್ನು ೨೩೦ ವೋಲ್ಟಿನ, ೫೦ ಆವರ್ತದ ಪರ್ಯಾಯ ವಿದ್ಯುತ್ತಿಗೆ ಸೇರಿಸಿದರೆ ಪ್ರತಿಘಾತವು ಸುಮಾರು ೧೫೭ ಓಮ್. ಹರಿಯುವ ಪ್ರವಾಹ ಸುಮಾರು ೧.೪೬ ಆಂಪಿಯರು, ತಂತಿಯಲ್ಲಿ ಶಾಖವಾಗಿ ಹೋಗುವುದು ಸುಮಾರು ೨೧ ವಾಟ್. ಸುರುಳಿ ಒಂದಿಷ್ಟು ಬೆಚ್ಚಗಾದೀತು. ಅದೇ ಸುರುಳಿಯನ್ನು ೨೩೦ ವೋಲ್ಟಿನ ಏಕಮುಖ ವಿದ್ಯುತ್ತಿಗೆ ಸೇರಿಸಿದರೆ? ಅಲ್ಲಿ ಆವೃತ್ತಿ ಸೊನ್ನೆ. ಆದುದರಿಂದ ಪ್ರತಿಘಾತವೂ ಸೊನ್ನೆ. ಉಳಿದದ್ದು ೧೦ ಓಮ್ ಮಾತ್ರ. ಪ್ರವಾಹ ೨೩ ಆಂಪಿಯರಿಗೆ ಏರುವುದು. ಶಾಖವು ೫,೨೯೦ ವಾಟ್! ಕೆಲವೇ ಹೊತ್ತಿನಲ್ಲಿ ಸುರುಳಿ ಸುಟ್ಟು ಕರಕಲಾಗುವುದು. ಸುರುಳಿ ಬದಲಾಗಲಿಲ್ಲ, ವೋಲ್ಟೇಜು ಬದಲಾಗಲಿಲ್ಲ, ಬದಲಾದದ್ದು ಆವೃತ್ತಿಯೊಂದೇ. "ಈ ಸುರುಳಿಯ ಪ್ರತಿಘಾತವೆಷ್ಟು?" ಎಂಬ ಪ್ರಶ್ನೆಯು, "ಯಾವ ಆವೃತ್ತಿಯಲ್ಲಿ?" ಎಂಬ ಮರುಪ್ರಶ್ನೆಯಿಲ್ಲದೆ ಅರ್ಥಹೀನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆವೃತ್ತಿಯು ಎಲ್ಲೆಲ್ಲಿಯೂ ೫೦ ತಾನೇ, ಅದನ್ನು ಕೇಳುವುದೇಕೆ ಎಂದು ನೀವು ಎನ್ನಬಹುದು. ಇಂದು ನಮ್ಮ ದೇಶದ ಜಾಲದಲ್ಲಿ ಹಾಗಿರುವುದು ನಿಜ. ಆದರೆ ಕನ್ನಡ ನಾಡಿನ ವಿದ್ಯುತ್ತಿನ ಇತಿಹಾಸವು ೫೦ರಿಂದ ಆರಂಭವಾದುದಲ್ಲ. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೯೨ ಮೈಲಿ, ಎಂದರೆ ೧೪೮ ಕಿಲೋಮೀಟರಿನಷ್ಟು ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಜಗತ್ತಿನ ಅಂದಿನ ಅತಿ ದೀರ್ಘ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುದೂ ಆ ಜಲಪಾತದ ಬಲದಿಂದಲೇ. ಆ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ ೨೫ ಆವರ್ತ!

ಇದರ ಫಲವನ್ನು ಲೆಕ್ಕದಿಂದ ನೋಡಿ. ನೆಟ್ಟಗೆ ಚಾಚಿದ ತಂತಿಗೂ ಪ್ರೇರಕತ್ವವುಂಟು. ಕಿಲೋಮೀಟರಿಗೆ ೧.೨ ಮಿಲಿಹೆನ್ರಿ ಎಂದು ಉದಾಹರಣೆಗಾಗಿ ಹಿಡಿದರೆ ೧೪೮ ಕಿಲೋಮೀಟರಿಗೆ ಸುಮಾರು ೧೭೮ ಮಿಲಿಹೆನ್ರಿ. ೨೫ ಆವರ್ತದಲ್ಲಿ ಅದರ ಪ್ರತಿಘಾತ ಸುಮಾರು ೨೮ ಓಮ್. ೫೦ ಆವರ್ತವಾಗಿದ್ದಿದ್ದರೆ ಸುಮಾರು ೫೬ ಓಮ್. ಬಹುದೂರ ಸಾಗಬೇಕಾದ ವಿದ್ಯುತ್ತಿಗೆ ತಂತಿಯ ಅಡ್ಡಿ ಅರ್ಧಕ್ಕೆ ಇಳಿಯಿತು. ಆದರೆ ಕಡಿಮೆ ಆವೃತ್ತಿಗೆ ಬೇರೊಂದು ಬೆಲೆಯನ್ನೂ ತೆರಬೇಕಾಗುತ್ತದೆ. ಪರಿವರ್ತಕಗಳಿಗೆ ಹೆಚ್ಚು ಕಬ್ಬಿಣ ಬೇಕು. ದೀಪಗಳ ಮಿನುಗು ಕಣ್ಣಿಗೆ ಕಾಣುವುದು. ಒಂದನ್ನು ಕೊಟ್ಟು ಒಂದನ್ನು ಪಡೆಯುವ ಈ ವ್ಯಾಪಾರದಲ್ಲಿ ಇಂಜಿನಿಯರನಿಗೆ ತಕ್ಕಡಿಯಾಗಿ ಒದಗುವುದು ನಾವು ಮೂರು ಅಂಕಗಳಿಗಾಗಿ ಬಾಯಿಪಾಠ ಮಾಡುವ ಆ ಒಂದು ಸಾಲಿನ ಸೂತ್ರವೇ.

ಇನ್ನು ಎರಡನೆಯ ಮಾತು. ಪ್ರತಿಘಾತವನ್ನೂ ರೋಧವನ್ನೂ ಓಮ್‌ಗಳಲ್ಲಿಯೇ ಅಳೆಯುವುದರಿಂದ ಅವೆರಡೂ ಒಂದೇ ಜಾತಿಯವೆಂದು ಬಗೆಯುವುದು ಸಾಮಾನ್ಯ. ಕೆಲವರು ಪ್ರತಿಘಾತವನ್ನು "ಎ.ಸಿ.ಯ ರೋಧ" ಎಂದೇ ಕರೆದುಬಿಡುತ್ತಾರೆ. ಈ ಹೆಸರನ್ನು ನಮ್ಮ ತರಗತಿಗಳಿಂದ ಹೊರದೂಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರೋಧವು ವಿದ್ಯುತ್ತನ್ನು ನುಂಗಿ ಶಾಖವನ್ನಾಗಿ ಮಾಡುವುದು. ಅದು ಹಿಂದಿರುಗಿ ಬರುವಂತಿಲ್ಲ. ಪ್ರತಿಘಾತವೋ ಶಕ್ತಿಯನ್ನು ಕಾಲು ಆವರ್ತದಲ್ಲಿ ಕಾಂತಕ್ಷೇತ್ರದಲ್ಲಿ ಕೂಡಿಟ್ಟು, ಮುಂದಿನ ಕಾಲು ಆವರ್ತದಲ್ಲಿ ಹಾಗೆಯೇ ಹಿಂದಿರುಗಿಸುವುದು. ಒಂದು ಖರ್ಚು, ಮತ್ತೊಂದು ಕೈಸಾಲ.

ಜಾತಿ ಬೇರೆಯಾದ್ದರಿಂದ ಕೂಡುವ ರೀತಿಯೂ ಬೇರೆ. ೩೦ ಓಮ್ ರೋಧ, ೪೦ ಓಮ್ ಪ್ರತಿಘಾತ ಸಾಲಾಗಿ ಇದ್ದರೆ ಒಟ್ಟು ಪ್ರತಿಬಾಧೆ ೭೦ ಅಲ್ಲ, ೫೦. ಲಂಬಕೋನ ತ್ರಿಭುಜದ ಎರಡು ಬಾಹುಗಳಿಂದ ಕರ್ಣವನ್ನು ಪಡೆಯುವಂತೆ ವರ್ಗಗಳನ್ನು ಕೂಡಿಸಿ ಮೂಲವನ್ನು ತೆಗೆಯಬೇಕು. ೭೦ ಎಂದು ಬರೆದವನು ೨೩೦ ವೋಲ್ಟಿಗೆ ೩.೩ ಆಂಪಿಯರು ಹರಿಯುವುದೆಂದು ಎಣಿಸಿ ಅದಕ್ಕೆ ತಕ್ಕ ತಂತಿಯನ್ನು ಆರಿಸುತ್ತಾನೆ. ನಿಜವಾಗಿ ಹರಿಯುವುದು ೪.೬ ಆಂಪಿಯರು. ತಂತಿಯ ಶಾಖವು ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅವನು ಎಣಿಸಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಶಾಖ ಅಲ್ಲಿ ಹುಟ್ಟುವುದು. ಉತ್ತರ ಪತ್ರಿಕೆಯಲ್ಲಿ ಈ ತಪ್ಪಿಗೆ ಒಂದು ಅಂಕ ಹೋದೀತು. ಗೋಡೆಯೊಳಗಿನ ತಂತಿಯಲ್ಲಾದರೆ ಮನೆಗೇ ಬೆಂಕಿ ಬಿದ್ದೀತು.

ಈ ಕೈಸಾಲದ ವ್ಯವಹಾರವು ದೊಡ್ಡ ಪ್ರಮಾಣದಲ್ಲಿ ನಡೆಯುವುದನ್ನು ಅರಿಯಬೇಕಾದರೆ ದೊಡ್ಡ ಕೈಗಾರಿಕೆಯೊಂದರತ್ತ ನೋಡಬೇಕು. ಗುಜರಾತಿನ ವಡೋದರಾ ನಗರದ ಸಮೀಪದ ಕೊಯಾಲಿಯ ತೈಲ ಶುದ್ಧೀಕರಣಾಗಾರವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ೧೯೬೦ರಲ್ಲಿ ಅಂಕಲೇಶ್ವರದಲ್ಲಿ ತೈಲವು ದೊರೆತ ಮೇಲೆ, ಸೋವಿಯತ್ ಒಕ್ಕೂಟದ ನೆರವಿನಿಂದ ಈ ಸ್ಥಾವರವು ರೂಪುಗೊಂಡಿತು. ೧೯೬೩ರ ಮೇ ತಿಂಗಳಿನಲ್ಲಿ ಪಂಡಿತ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ೧೯೬೫ರ ಅಕ್ಟೋಬರಿನಲ್ಲಿ ಮೊದಲ ಘಟಕ ಕೆಲಸ ಆರಂಭಿಸಿತು. ೧೯೬೬ರಲ್ಲಿ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಅದನ್ನು ಉದ್ಘಾಟಿಸಿದರು. ವರ್ಷಕ್ಕೆ ೨೦ ಲಕ್ಷ ಟನ್ನು ಕಚ್ಚಾ ತೈಲವನ್ನು ಶುದ್ಧಿ ಮಾಡುವಂತೆ ಯೋಜಿತವಾದ ಸ್ಥಾವರವು ಕಾಲಕ್ರಮದಲ್ಲಿ ೧೩೭ ಲಕ್ಷ ಟನ್ನಿನ ಸಾಮರ್ಥ್ಯಕ್ಕೆ ಬೆಳೆಯಿತು.

ತೈಲ ಶುದ್ಧೀಕರಣಾಗಾರವೆಂದರೆ ಬೆಂಕಿ, ಕುಲುಮೆ, ಗೋಪುರಗಳು ಮಾತ್ರವೆಂದು ತಿಳಿಯಬೇಡಿ. ಅಲ್ಲಿ ತೈಲವು ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯುತ್ತಲೇ ಇರಬೇಕು. ಅದಕ್ಕೆ ಪಂಪುಗಳು ಬೇಕು. ಪಂಪುಗಳನ್ನು ತಿರುಗಿಸಲು ಮೋಟರುಗಳು ಬೇಕು. ಇಂಥ ಸ್ಥಾವರಗಳಲ್ಲಿ ಬಹುಪಾಲು ಮೋಟರುಗಳು ಪ್ರೇರಣ ಮೋಟರುಗಳೇ. ಮೋಟರು ತಿರುಗಬೇಕಾದರೆ ಅದರ ಸುರುಳಿಗಳಲ್ಲಿ ಕಾಂತಕ್ಷೇತ್ರವಿರಬೇಕು. ಆ ಕ್ಷೇತ್ರಕ್ಕಾಗಿ ಶಕ್ತಿಯು ೫೦ ಆವರ್ತದ ಜಾಲದಲ್ಲಿ ಸೆಕೆಂಡಿಗೆ ನೂರು ಸಲ ಬಂದು ನೂರು ಸಲ ಹಿಂದಿರುಗುವುದು. ಈ ಓಡಾಟದಿಂದ ಒಂದು ಹನಿ ತೈಲವೂ ಮುಂದೆ ಸರಿಯುವುದಿಲ್ಲ. ಆದರೆ ತಂತಿ, ಪರಿವರ್ತಕ, ಜನಕ ಯಂತ್ರ ಇವೆಲ್ಲವೂ ಆ ಹೆಚ್ಚಿನ ಪ್ರವಾಹವನ್ನು ಹೊರಲೇಬೇಕು.

ಎಷ್ಟು ಹೊರೆ? ಲೆಕ್ಕಕ್ಕಾಗಿ ೧೦೦ ಕಿಲೋವಾಟ್ ಎಳೆಯುವ, ೪೧೫ ವೋಲ್ಟಿನ ಮೂರು ಫೇಸಿನ ಮೋಟರೊಂದನ್ನು ಕಲ್ಪಿಸಿಕೊಳ್ಳಿ. ಪವರ್ ಫ್ಯಾಕ್ಟರ್ ೦.೮ ಇದ್ದರೆ ಪ್ರವಾಹ ಸುಮಾರು ೧೭೪ ಆಂಪಿಯರು, ಅದನ್ನು ೦.೯೫ಕ್ಕೆ ಏರಿಸಿದರೆ ಸುಮಾರು ೧೪೬ ಆಂಪಿಯರು. ಮೋಟರು ಮಾಡುವ ಕೆಲಸ ಎರಡು ಸಂದರ್ಭಗಳಲ್ಲಿಯೂ ಒಂದೇ. ಆದರೆ ಅಲ್ಲಿಗೆ ವಿದ್ಯುತ್ತನ್ನು ತರುವ ತಂತಿಯಲ್ಲಿ ಶಾಖವಾಗಿ ಹಾಳಾಗುವ ಭಾಗವು ನೂರಕ್ಕೆ ೨೯ರಷ್ಟು ಕಡಿಮೆಯಾಗುವುದು! ಇದನ್ನು ಸಾಧಿಸಲು ಮೋಟರಿನ ಮಗ್ಗುಲಲ್ಲಿ ಸುಮಾರು ೪೨ ಕಿಲೋವಾರ್ ಕೆಪಾಸಿಟರುಗಳನ್ನು ಇಡಬೇಕು. ಸುರುಳಿಯು ಸಾಲ ಕೇಳುವ ಕ್ಷಣದಲ್ಲಿ ಕೆಪಾಸಿಟರು ಕೊಡುತ್ತದೆ; ಸುರುಳಿ ಹಿಂದಿರುಗಿಸುವಾಗ ತಾನು ಇಟ್ಟುಕೊಳ್ಳುತ್ತದೆ. ದೂರದ ಸಾಹುಕಾರನ ಬಳಿಗೆ ಓಡುವ ಬದಲು ನೆರೆಮನೆಯಲ್ಲೇ ಕೈಬದಲು ನಡೆದಂತೆ. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಇಳಿದರೆ ಭಾರಿ ಗ್ರಾಹಕರಿಂದ ಹೆಚ್ಚಿನ ಶುಲ್ಕ ವಸೂಲು ಮಾಡುವ ನಿಯಮಗಳು ಇರುವುದು ಈ ಕಾರಣದಿಂದಲೇ. ಯಾರೂ ಬಳಸದೆ ಶಾಖವಾಗಿ ಹೋಗುವ ಈ ವಿದ್ಯುತ್ತಿಗಾಗಿಯೂ ಎಲ್ಲಿಯೋ ಕಲ್ಲಿದ್ದಲು ಉರಿಯುತ್ತದೆ. ಆದುದರಿಂದ ಇದು ಕೇವಲ ಪಠ್ಯಪುಸ್ತಕದ ಮಾತಲ್ಲ. ದೇಶದ ಸಂಪತ್ತಿನ ಮಾತು.

ಇಷ್ಟಾದರೂ ಕೆಲವರು ಕೇಳಬಹುದು: "ಈಗ ಗಣಕಯಂತ್ರಗಳಿವೆ. ಸಂಖ್ಯೆಗಳನ್ನು ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ತಲೆ ಕೆಡಿಸಿಕೊಳ್ಳುವುದೇಕೆ?" ಈ ವಾದದಲ್ಲಿ ಅರ್ಧ ಸತ್ಯವಿದೆ. ಗುಣಾಕಾರದ ಶ್ರಮವನ್ನು ಯಂತ್ರಕ್ಕೆ ವಹಿಸುವುದು ತಪ್ಪಲ್ಲ. ಆದರೆ ಯಂತ್ರವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತದೆಯೇ ಹೊರತು ಪ್ರಶ್ನೆ ಸರಿಯೇ ಎಂದು ಯೋಚಿಸುವುದಿಲ್ಲ. ೧೦ ಮಿಲಿಹೆನ್ರಿ ಎನ್ನುವ ಕಡೆ ೧೦ ಹೆನ್ರಿ ಎಂದು ಕೊಟ್ಟರೆ, ೩.೧೪ ಓಮ್ ಬರಬೇಕಾದ ಕಡೆ ೩,೧೪೨ ಓಮ್ ಎಂದು ಗಂಭೀರವಾಗಿ ಹೇಳಿಬಿಡುತ್ತದೆ. ಸಾವಿರ ಪಟ್ಟು ತಪ್ಪನ್ನು ಹಿಡಿಯಬಲ್ಲುದು ಮನಸ್ಸಿನಲ್ಲಿರುವ ಅಳತೆಗೋಲು ಮಾತ್ರ. ೫೦ ಆವರ್ತದಲ್ಲಿ ಒಂದು ಹೆನ್ರಿಗೆ ೩೧೪ ಓಮ್, ಒಂದು ಮಿಲಿಹೆನ್ರಿಗೆ ಓಮಿನ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ. ಬಾಯಿಪಾಠ ಮಾಡಲೇಬೇಕೆಂದಿದ್ದರೆ ಈ ಅಳತೆಗೋಲನ್ನು ಮಾಡಿರಿ. ಅದು ನಿಮ್ಮನ್ನು ಕಾಪಾಡುವುದು.

ಮತ್ತೊಂದು ಆಕ್ಷೇಪವು ಕನ್ನಡ ಶಾಲೆಯ ಮಕ್ಕಳಾದ ನಿಮ್ಮ ಕಿವಿಗೆ ಆಗಾಗ ಬಿದ್ದಿರಲೂಬಹುದು. "ಇಂಥ ವಿಷಯಗಳು ಕನ್ನಡದಲ್ಲಿ ಅರ್ಥವಾಗುವುವೇ? ಮುಂದೆ ಕಾರ್ಖಾನೆಗೆ ಹೋದರೆ ಗತಿಯೇನು?" ಎಂದು ಹಿತೈಷಿಗಳು ಕೇಳುತ್ತಾರೆ. ಅವರಿಗೆ ಕೊಯಾಲಿಯ ನೆರೆಯ ವಡೋದರೆಯೇ ಉತ್ತರ ಹೇಳಬಲ್ಲುದು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ೧೮೯೦ರಲ್ಲಿ ಅಲ್ಲಿ ಕಲಾಭವನವೆಂಬ ತಾಂತ್ರಿಕ ವಿದ್ಯಾಸಂಸ್ಥೆಯನ್ನು ತೆರೆದರು. ಅದರ ಮೊದಲ ಪ್ರಾಚಾರ್ಯರಾದ ಪ್ರೊಫೆಸರ್ ಟಿ. ಕೆ. ಗಜ್ಜರ್ ಅವರು ಕೈಕಸಬಿನ ಜ್ಞಾನವು ಜನರ ನುಡಿಯಲ್ಲೇ ದೊರೆಯಬೇಕೆಂದು ಗುಜರಾತಿಯಲ್ಲಿ ತಾಂತ್ರಿಕ ಬೋಧನೆಗೆ ದಾರಿ ಮಾಡಿದರು. ನಮ್ಮಲ್ಲಿಯೂ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಒಂದು ಶತಮಾನಕ್ಕೂ ಹಿಂದೆ ಹಿರಿಯರು ತುಳಿದ ದಾರಿಯಲ್ಲಿ ನಡೆಯಲು ನಾವು ಅಂಜಬೇಕೆ?

ಹಾಗೆಂದು ಇಂಗ್ಲಿಷಿನ ಪದಗಳನ್ನು ಕಲಿಯಬೇಡಿರೆಂದು ನಾನು ಹೇಳುವುದಿಲ್ಲ. ರಿಯಾಕ್ಟೆನ್ಸ್ ಎಂಬ ಪದವನ್ನೂ ಕಲಿಯಿರಿ. ಕಾರ್ಖಾನೆಯಲ್ಲಿ ಅದೇ ನಡೆಯುವುದು. ಪದವನ್ನು ಕಲಿಯಲು ಒಂದು ನಿಮಿಷ ಸಾಕು. ವಸ್ತುವನ್ನು ಅರಿಯಲು ಮನಸ್ಸು ಬೇಕು. ತೇರಿನ ಜಡತ್ವವನ್ನು ತನ್ನ ನುಡಿಯಲ್ಲಿ ಚೆನ್ನಾಗಿ ಅರಿತವನು ಯಾವ ಊರಿನ ಮೋಟರಿನ ಮುಂದೆಯೂ ತಬ್ಬಿಬ್ಬಾಗುವುದಿಲ್ಲ. ಪದ ಮಾತ್ರ ಬಲ್ಲವನು ಯಾವ ಭಾಷೆಯಲ್ಲಿ ಬಲ್ಲವನಾದರೂ ತಬ್ಬಿಬ್ಬಾಗುತ್ತಾನೆ.

ಆದುದರಿಂದ ಉಪಾಧ್ಯಾಯರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ಸೂಚನೆ ಇದು. ಪ್ರತಿಘಾತದ ಲೆಕ್ಕಕ್ಕೆ ತೊಡಗುವ ಮೊದಲು ಮೂರು ಪ್ರಶ್ನೆಗಳಿಗೆ ಕನ್ನಡ ವಾಕ್ಯಗಳಲ್ಲಿ ಉತ್ತರ ಬರೆಯುವುದನ್ನು ರೂಢಿಗೆ ತನ್ನಿರಿ. ಇಲ್ಲಿ ಬದಲಾಗುತ್ತಿರುವುದು ಏನು, ಎಷ್ಟು ಬೇಗ? ಪ್ರೇರಕತ್ವವನ್ನು ಹೆನ್ರಿಯಲ್ಲಿ ಕೊಟ್ಟಿದ್ದಾರೆಯೋ ಮಿಲಿಹೆನ್ರಿಯಲ್ಲಿಯೋ? ಶಕ್ತಿಯು ಇಲ್ಲಿ ಖರ್ಚಾಗುವುದೋ, ಹೋಗಿ ಹಿಂದಿರುಗುವುದೋ? ಇವಕ್ಕೆ ಉತ್ತರ ಬರೆದ ಮೇಲೆ ಗುಣಾಕಾರ ಮಾಡಲಿ. ಮೌಲ್ಯಮಾಪನ ಮಾಡುವವರೂ ಈ ಮೂರು ವಾಕ್ಯಗಳಿಗೆ ಅಂಕ ಕೊಡಲಿ.

ಇದರೊಡನೆ ಪ್ರಯೋಗಶಾಲೆಯಲ್ಲಿ ಒಂದು ಸಣ್ಣ ಪರೀಕ್ಷೆ ನಡೆಯಲಿ. ೧೨ ವೋಲ್ಟಿನ ಚಿಕ್ಕ ಬಲ್ಬೊಂದನ್ನು, ಹಲವು ನೂರು ಸುತ್ತುಗಳುಳ್ಳ ಸುರುಳಿಯೊಂದನ್ನು ಸಾಲಾಗಿ ಜೋಡಿಸಿ, ಮೊದಲು ಬ್ಯಾಟರಿಗೆ, ಅನಂತರ ೧೨ ವೋಲ್ಟಿನ ಪರಿವರ್ತಕಕ್ಕೆ ಸೇರಿಸಿ ನೋಡಿ. ಸುರುಳಿಯೊಳಗೆ ಕಬ್ಬಿಣದ ತಿರುಳನ್ನು ಮೆಲ್ಲನೆ ತೂರಿಸಿದಾಗ ಬ್ಯಾಟರಿಯಲ್ಲಿ ಬಲ್ಬು ಮೊದಲಿನಂತೆಯೇ ಉರಿಯುತ್ತಿರುವುದು. ಪರ್ಯಾಯ ಪ್ರವಾಹದಲ್ಲಿ ಮಂಕಾಗುತ್ತ ಬರುವುದು. ಈ ಪ್ರಯೋಗವನ್ನು ಉಪಾಧ್ಯಾಯರ ಎದುರಿನಲ್ಲಿಯೇ ಮಾಡಬೇಕು. ಮನೆಯ ಗೋಡೆಯ ೨೩೦ ವೋಲ್ಟಿನ ಗೂಡಿಗೆ ಯಾರೂ ಕೈ ಹಾಕಕೂಡದು. ತಿರುಳು ಒಳಗೆ ಸರಿದಂತೆ ಬೆಳಕು ಕುಗ್ಗುವುದನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಸೂತ್ರವನ್ನು ಮರೆಯುವುದೇ ಕಷ್ಟವಾಗುವುದು.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಕೊಯಾಲಿಯಂಥ ಸ್ಥಾವರದಲ್ಲಿ ಪಂಪಿನ ಮೋಟರೊಂದರ ಹೊಣೆ ಹೊರಬಹುದು. ಇನ್ನೊಬ್ಬರು ತಮ್ಮ ಊರಿನ ತೋಟದ ಪಂಪಿಗೆ ತಂತಿಯನ್ನು ಆರಿಸಬಹುದು. ಅಂದು ಯಾರೂ ನಿಮ್ಮನ್ನು ಸೂತ್ರ ಹೇಳೆಂದು ಕೇಳುವುದಿಲ್ಲ. ಈ ತಂತಿ ತಾಳುವುದೋ ಇಲ್ಲವೋ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸಬಲ್ಲವರು ಆಗಬೇಕಾದರೆ ಇಂದು, ಈ ತರಗತಿಯಲ್ಲಿ, ನಿಮ್ಮ ನುಡಿಯಲ್ಲಿ, "ಆ ಆವೃತ್ತಿ ಅಲ್ಲಿಗೆ ಏಕೆ ಬಂದಿತು?" ಎಂದು ನೀವೇ ಎದ್ದು ನಿಂತು ಕೇಳಿರಿ.